ಮೋಡದ ಮರೆಯಲ್ಲಿ ಮಣ್ಣಿನ ಲೆಕ್ಕ

(ಮಳೆಗಾಲಕ್ಕೆ ಮುನ್ನ ಘಟ್ಟದ ಮೇಲಿನ ಹಳ್ಳಿಗರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೃಗಶಿರಾ ಮಳೆ ಹಿಡಿಯಿತೆಂದರೆ ಮಘಾ ಮಳೆ ಮುಗಿಯುವವರೆಗೂ ಸಹ್ಯಾದ್ರಿಯ ಮೇಲೆ ನೀಲಿ ಆಕಾಶ ಕಾಣುವುದು ಅಪರೂಪ. ಗದ್ದೆಗೆ ಸಸಿ ನೆಡುವುದು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಕೊಳೆರೋಗ ಬರುವುದು, ಧರೆ ಜರಿಯುವುದು, ಹಳ್ಳ ಉಕ್ಕುವುದು, ಇವೆಲ್ಲ ನಡೆಯುವುದು ಆ ಎರಡೂವರೆ ತಿಂಗಳಲ್ಲಿಯೇ. ಮಲೆನಾಡಿನ ವರ್ಷದ ಭವಿಷ್ಯ ತೀರ್ಮಾನವಾಗುವುದೂ ಆಗಲೇ. ಆದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಲ್ಲಿ ಹಾರಿದಂದಿನಿಂದ, ಭಾರತದ ಐಆರ್‌ಎಸ್-1ಎ 1988ರಲ್ಲಿ ಹಾರಿದಂದಿನಿಂದ, ಈ ಕಾಲದಲ್ಲಿ ತೆಗೆದ ಉಪಗ್ರಹ ಚಿತ್ರಗಳನ್ನು ಬಿಡಿಸಿ ನೋಡಿದರೆ ಘಟ್ಟವಿರಬೇಕಾದ ಜಾಗದಲ್ಲಿ ಕಾಣುವುದು ಬಿಳಿಯ ಮೋಡದ ಹಾಸು ಮಾತ್ರ. ಆ ಉಪಗ್ರಹಗಳ ಕ್ಯಾಮೆರಾಗಳು ಸೂರ್ಯನ ಬೆಳಕನ್ನು ನೆಚ್ಚಿದವು. ಮೋಡವನ್ನು ದಾಟಿ ನೋಡುವ ಶಕ್ತಿ ಅವಕ್ಕಿಲ್ಲ. ಹೀಗಾಗಿ ವಿಜ್ಞಾನದ ದಾಖಲೆಯಲ್ಲಿ ಮಲೆನಾಡೆಂದರೆ ಬಹುಕಾಲ ಜನವರಿ, ಫೆಬ್ರವರಿಯ ಮಲೆನಾಡು. ಆಷಾಢದ ಮಲೆನಾಡು ಅಲ್ಲಿ ಇರಲೇ ಇಲ್ಲ.

ಈ ಕೊರತೆಯನ್ನು ತುಂಬಲು ಬಂದುದು ಸೂಕ್ಷ್ಮ ತರಂಗಗಳ ದೂರಸಂವೇದನೆ, ಅಂದರೆ ಮೈಕ್ರೋವೇವ್ ಅಲೆಗಳ ಮೂಲಕ ನೆಲವನ್ನು ದೂರದಿಂದ ಅರಿಯುವ ವಿಧಾನ. ಬೆಳಕೂ ಮೈಕ್ರೋವೇವೂ ಒಂದೇ ಕುಲದ ಅಲೆಗಳು. ವ್ಯತ್ಯಾಸವಿರುವುದು ತರಂಗಾಂತರದಲ್ಲಿ. ಬೆಳಕಿನ ತರಂಗಾಂತರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ನೆಲವನ್ನು ನೋಡಲು ಬಳಸುವ ಮೈಕ್ರೋವೇವ್ ಅಲೆಗಳದ್ದು 3 ಸೆಂಟಿಮೀಟರಿನಿಂದ 70 ಸೆಂಟಿಮೀಟರಿನವರೆಗೆ. ಮೋಡದಲ್ಲಿರುವ ಹನಿಗಳು ಬಹಳ ಚಿಕ್ಕವಾದ್ದರಿಂದ ಇಷ್ಟು ಉದ್ದದ ಅಲೆಗಳನ್ನು ಅವು ತಡೆಯಲಾರವು. ಈ ಅಲೆಗಳಿಗೆ ಹಗಲು ರಾತ್ರಿಗಳ ಭೇದವೂ ಇಲ್ಲ.

ಪೇಟೆಯ ಅಡುಗೆಮನೆಗಳಲ್ಲಿರುವ ಮೈಕ್ರೋವೇವ್ ಒಲೆಯ ಅಲೆಯೂ ಇದೇ ಜಾತಿಯದು, ಅದರ ಉದ್ದ ಸುಮಾರು 12 ಸೆಂಟಿಮೀಟರು. ಹಾಗಿದ್ದರೆ ಉಪಗ್ರಹದ ರಾಡಾರಿನಿಂದ ತೋಟಕ್ಕೂ ಜೇನಿಗೂ ಅಪಾಯವಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಒಲೆಯಲ್ಲಿ ಅಷ್ಟೂ ಶಕ್ತಿಯನ್ನು ಒಂದು ಪೆಟ್ಟಿಗೆಯೊಳಗೆ ಕೂಡಿಹಾಕಲಾಗುತ್ತದೆ. ಉಪಗ್ರಹವಾದರೋ ಏಳುನೂರು ಕಿಲೋಮೀಟರ್ ಎತ್ತರದಿಂದ ನೂರಾರು ಕಿಲೋಮೀಟರ್ ಅಗಲದ ನೆಲದ ಮೇಲೆ ಆ ಶಕ್ತಿಯನ್ನು ಹರಡುತ್ತದೆ. ಗಿಡದ ಎಲೆಗೆ ಅದು ತಾಗಿದ್ದೂ ತಿಳಿಯದು.

ಈ ಅಲೆಗಳು ಮಣ್ಣಿನ ತೇವವನ್ನು ಹೇಗೆ ಅರಿಯುತ್ತವೆ? ಉತ್ತರವಿರುವುದು ನೀರಿನ ಅಣುವಿನಲ್ಲಿ. ಅದರ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಆದ್ದರಿಂದ ವಿದ್ಯುತ್ ಕ್ಷೇತ್ರ ಬದಲಾದಂತೆಲ್ಲ ಅದು ಹೊರಳುತ್ತದೆ. ಒಂದು ವಸ್ತು ಹೀಗೆ ಎಷ್ಟರಮಟ್ಟಿಗೆ ಸ್ಪಂದಿಸುತ್ತದೆ ಎಂಬುದನ್ನು ಸೂಚಿಸುವ ಅಂಕಿಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂದು ಹೆಸರು. ಒಣ ಮಣ್ಣಿನಲ್ಲಿ ಇದು ಸುಮಾರು 3ರಿಂದ 4, ಶುದ್ಧ ನೀರಿನಲ್ಲಿ ಸುಮಾರು 80. ಪ್ರಕೃತಿಯಲ್ಲಿ ಎರಡು ಸಾಮಾನ್ಯ ವಸ್ತುಗಳ ನಡುವೆ ಇಷ್ಟು ದೊಡ್ಡ ಅಂತರ ಸಿಗುವುದು ವಿರಳ. ಮಣ್ಣಿನ ರಂಧ್ರಗಳಿಗೆ ನೀರು ಸೇರಿದಂತೆಲ್ಲ ಆ ಮಣ್ಣಿನ ಅಂಕಿ ಏರುತ್ತದೆ, ಅದರೊಡನೆ ಮಣ್ಣು ಮೈಕ್ರೋವೇವನ್ನು ಸೂಸುವ ಮತ್ತು ಪ್ರತಿಫಲಿಸುವ ರೀತಿಯೂ ಬದಲಾಗುತ್ತದೆ. ಇಡೀ ಶಾಸ್ತ್ರ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಅಳೆಯುವ ಬಗೆ ಎರಡು. ಮೊದಲನೆಯದರಲ್ಲಿ ಉಪಗ್ರಹ ತಾನಾಗಿ ಯಾವ ಅಲೆಯನ್ನೂ ಕಳಿಸದೆ ಸುಮ್ಮನೆ ಆಲಿಸುತ್ತದೆ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಅತ್ಯಲ್ಪ ಪ್ರಮಾಣದ ಮೈಕ್ರೋವೇವನ್ನು ಸೂಸುತ್ತಿರುತ್ತದೆ. ಒಣ ನೆಲ ಹೆಚ್ಚು ಸೂಸುತ್ತದೆ, ತೊಯ್ದ ನೆಲ ಕಡಿಮೆ. ಇದನ್ನು ಅಳೆಯುವ ಉಪಕರಣ ರೇಡಿಯೋಮೀಟರ್. ಎರಡನೆಯದು ರಾಡಾರ್. ಅದು ತಾನೇ ಅಲೆಯನ್ನು ಕಳಿಸಿ, ನೆಲಕ್ಕೆ ಬಡಿದು ಹಿಂದಿರುಗಿದ ಪಾಲನ್ನು ಅಳೆಯುತ್ತದೆ. ಕತ್ತಲಲ್ಲಿ ಬ್ಯಾಟರಿ ಬಿಟ್ಟು ನೋಡಿದ ಹಾಗೆ.

ಭಾರತಕ್ಕೆ ಈ ವಿದ್ಯೆ ಹೊಸತಲ್ಲ. ಬೆಂಗಳೂರಿನಲ್ಲಿ ಸಿದ್ಧವಾಗಿ 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ ಭಾಸ್ಕರ ಉಪಗ್ರಹದಲ್ಲಿಯೇ ‘ಸಮೀರ್’ ಎಂಬ ಮೈಕ್ರೋವೇವ್ ರೇಡಿಯೋಮೀಟರ್ ಇತ್ತು. ಅದರ ಅಲೆಗಳು ಒಂದೂವರೆ ಸೆಂಟಿಮೀಟರಿನ ಆಸುಪಾಸಿನವು. ಕಡಲು ಮತ್ತು ಅದರ ಮೇಲಿನ ನೀರಾವಿಯ ಅಧ್ಯಯನಕ್ಕೆ ಅವು ಒಗ್ಗುತ್ತಿದ್ದವು, ಬೆಳೆಯ ಕೆಳಗಿನ ಮಣ್ಣಿಗೆ ಒಗ್ಗುತ್ತಿರಲಿಲ್ಲ. ಮಣ್ಣಿಗಾಗಿಯೇ ರೂಪಿಸಿದ ಮೊದಲ ಉಪಗ್ರಹ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಯುರೋಪಿನ ಅಂತರಿಕ್ಷ ಸಂಸ್ಥೆಯ ಸ್ಮೋಸ್ 2009ರ ನವೆಂಬರ್ 2ರಂದು ಹಾರಿತು. ಅಮೆರಿಕದ ಸ್ಮ್ಯಾಪ್ 2015ರ ಜನವರಿ 31ರಂದು. ಎರಡೂ ಆಲಿಸುವುದು 21 ಸೆಂಟಿಮೀಟರ್ ಅಲೆಯನ್ನು. ಈ ನಡುವೆ, 2010ರಲ್ಲಿ, ಜಾಗತಿಕ ಹವಾಗುಣ ವೀಕ್ಷಣಾ ವ್ಯವಸ್ಥೆಯು ಮಣ್ಣಿನ ತೇವಾಂಶವನ್ನು ಹವಾಗುಣದ ಅತ್ಯಗತ್ಯ ಅಂಶಗಳ ಪಟ್ಟಿಗೆ ಸೇರಿಸಿತು. ಮಳೆ, ಉಷ್ಣಾಂಶಗಳ ಸಾಲಿನಲ್ಲಿ ಮಣ್ಣಿಗೂ ಮಣೆ ಸಿಕ್ಕಿತು. ರೈತನಿಗೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಸ್ಮ್ಯಾಪ್ ಉಪಗ್ರಹದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅದರಲ್ಲಿ ರೇಡಿಯೋಮೀಟರೂ ಇತ್ತು, ರಾಡಾರೂ ಇತ್ತು. ರೇಡಿಯೋಮೀಟರಿನ ಅಳತೆ ನಂಬಿಕೆಗೆ ಅರ್ಹ, ಆದರೆ ಅದರ ಒಂದು ಚೌಕ ಸುಮಾರು 36 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ರಾಡಾರಿನ ನೋಟ ಹೆಚ್ಚು ಸೂಕ್ಷ್ಮ. ಎರಡನ್ನೂ ಬೆರೆಸಿ ಹೆಚ್ಚು ವಿವರವಾದ ನಕಾಶೆ ಕೊಡಬೇಕೆಂಬುದು ಯೋಜನೆ. ಆದರೆ 2015ರ ಜುಲೈ 7ರಂದು ರಾಡಾರ್ ಕೆಟ್ಟಿತು, ಮತ್ತೆ ಸರಿಯಾಗಲಿಲ್ಲ. ಆಕಾಶದಲ್ಲಿ ಕೆಟ್ಟ ಯಂತ್ರಕ್ಕೆ ರಿಪೇರಿಯವನನ್ನು ಕಳಿಸುವಂತಿಲ್ಲ. ಉಳಿದ ರೇಡಿಯೋಮೀಟರ್ ಒಂದೇ ಕೆಲಸ ಮುಂದುವರಿಸಿತು.

36 ಕಿಲೋಮೀಟರ್ ಚೌಕವೆಂದರೆ ಸುಮಾರು 1,300 ಚದರ ಕಿಲೋಮೀಟರ್. ಬಯಲುಸೀಮೆಯಲ್ಲಿ ಇಷ್ಟು ವಿಸ್ತಾರದ ನೆಲ ಹೆಚ್ಚುಕಡಿಮೆ ಒಂದೇ ಬಗೆಯಾಗಿರಬಹುದು. ಘಟ್ಟದಲ್ಲಿ ಹಾಗಲ್ಲ. ಕರಾವಳಿಯ ಗಜನಿ ಗದ್ದೆ, ಘಟ್ಟದ ಕಡಿದಾದ ಕಾಡು, ಮೇಲಿನ ಅಡಿಕೆ ತೋಟ, ಬ್ಯಾಣ, ಸೊಪ್ಪಿನಬೆಟ್ಟ ಇವೆಲ್ಲ ಒಂದೇ ಚೌಕದೊಳಗೆ ಬರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆಯಾದರೆ, ಘಟ್ಟದ ಮೂಡಲಿಗಿರುವ ಶಿವಮೊಗ್ಗ ಪಟ್ಟಣದಲ್ಲಿ ಸಾವಿರದ ಆಸುಪಾಸು. ಇಂತಹ ನೆಲಕ್ಕೆ ಒಂದು ಸರಾಸರಿ ಅಂಕಿ ಕೊಟ್ಟರೆ ಅದು ಯಾವ ಊರಿನ ಅಂಕಿಯೂ ಆಗದು.

ಇದಕ್ಕಿಂತ ದೊಡ್ಡ ತೊಡಕು ಕಾಡಿನದು. ಎಲೆಯಲ್ಲೂ ಕೊಂಬೆಯಲ್ಲೂ ಇರುವುದು ನೀರೇ ತಾನೆ? ಮಣ್ಣಿನಿಂದ ಹೊರಟ ಅಲೆ ಗಿಡಮರಗಳ ನೀರನ್ನು ದಾಟಿ ಮೇಲೇರಬೇಕು. ಒಂದು ಚದರ ಮೀಟರ್ ನೆಲದ ಮೇಲಿರುವ ಸಸ್ಯರಾಶಿಯಲ್ಲಿ 5 ಕಿಲೋಗ್ರಾಂ ನೀರು ಇರುವ ತನಕ ತನ್ನ ಅಳತೆಯನ್ನು ನಂಬಬಹುದು ಎಂಬುದು ಸ್ಮ್ಯಾಪ್ ಯೋಜನೆಯೇ ಹಾಕಿಕೊಂಡ ಗಡಿ. ಗದ್ದೆ, ಹುಲ್ಲುಗಾವಲು, ಜೋಳದ ಹೊಲಗಳು ಈ ಗಡಿಯೊಳಗೆ ಬರುತ್ತವೆ. ಕಾನು ಕಾಡು ಬರುವುದಿಲ್ಲ. ಕಡಿದಾದ ಬೆಟ್ಟಗಳನ್ನೂ ಆ ಯೋಜನೆ ಗಡಿಯ ಹೊರಗಿಟ್ಟಿದೆ. ದತ್ತಾಂಶದ ಕಡತದಲ್ಲಿ ಪ್ರತಿಯೊಂದು ಅಂಕಿಯ ಪಕ್ಕದಲ್ಲಿಯೂ ಒಂದು ಗುರುತು ಇರುತ್ತದೆ. ಈ ಅಂಕಿಯನ್ನು ಎಷ್ಟು ನಂಬಬಹುದು ಎಂಬ ಎಚ್ಚರಿಕೆಯ ಗುರುತು ಅದು. ವಿಜ್ಞಾನಿಗಳು ಪ್ರಾಮಾಣಿಕವಾಗಿ ಅದನ್ನು ಇಟ್ಟಿದ್ದಾರೆ. ಆದರೆ ಅಂಕಿ ನಕಾಶೆಯಾಗಿ, ನಕಾಶೆ ಬಣ್ಣ ತುಂಬಿಕೊಂಡು, ಯಾವುದೋ ಕಚೇರಿಯ ಗೋಡೆಯ ಮೇಲೆ ಬರುವಷ್ಟರಲ್ಲಿ ಆ ಗುರುತು ಉದುರಿಹೋಗಿರುತ್ತದೆ. ಬಯಲುಸೀಮೆಗೆ ಬಳಿದ ನೀಲಿಯನ್ನೇ ಘಟ್ಟಕ್ಕೂ ಬಳಿದಿರುತ್ತಾರೆ. ನೋಡಿದವನಿಗೆ ಎರಡೂ ಒಂದೇ. ತಪ್ಪು ಉಪಗ್ರಹದ್ದಲ್ಲ, ಗುರುತನ್ನು ಬಿಟ್ಟು ಬಣ್ಣವನ್ನು ಮಾತ್ರ ಓದಿದವರದು.

ಹಾಗೆಂದು ಈ ವಿದ್ಯೆ ಮಲೆನಾಡಿಗೆ ನಿರುಪಯುಕ್ತವೆಂದು ತಳ್ಳಿಹಾಕುವಂತಿಲ್ಲ. ಈಗ ರಾಡಾರಿನ ಕಡೆಗೆ ಬರೋಣ.

ರಾಡಾರಿನ ಅಲೆಗಳಲ್ಲಿ ಹಲವು ಅಳತೆಗಳಿವೆ. 3 ಸೆಂಟಿಮೀಟರಿನ ಅಲೆ ಮರದ ಮೇಲ್ಹೊದಿಕೆಯ ಎಲೆಗೇ ಬಡಿದು ಹಿಂದಿರುಗುತ್ತದೆ. ಐದೂವರೆ ಸೆಂಟಿಮೀಟರಿನದು ಎಲೆ, ಕಡ್ಡಿಗಳ ನಡುವೆ ತುಸು ಒಳಹೋಗುತ್ತದೆ. ಭಾರತ 2012ರ ಏಪ್ರಿಲ್ 26ರಂದು ಹಾರಿಸಿದ ರಿಸ್ಯಾಟ್-1, 2022ರ ಫೆಬ್ರವರಿ 14ರಂದು ಹಾರಿಸಿದ ಇಒಎಸ್-04, ಯುರೋಪಿನ ಸೆಂಟಿನೆಲ್-1 ಸರಣಿ, ಇವು ಈ ಅಳತೆಯವು. 24 ಸೆಂಟಿಮೀಟರಿನ ಅಲೆ ಕೊಂಬೆಯವರೆಗೆ, ಕಾಂಡದವರೆಗೆ ಇಳಿಯುತ್ತದೆ. ಅಲೆ ಉದ್ದವಾದಷ್ಟೂ ಒಳನೋಟ ಆಳ.

ಗದ್ದೆಯ ವಿಷಯದಲ್ಲಿ ರಾಡಾರ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಸರುಗದ್ದೆಯಲ್ಲಿ ನಿಂತ ನೀರು ಕನ್ನಡಿಯಿದ್ದಂತೆ, ಓರೆಯಾಗಿ ಬಂದ ಅಲೆಯನ್ನು ಆಚೆಗೆ ಹಾರಿಸಿಬಿಡುತ್ತದೆ. ಉಪಗ್ರಹಕ್ಕೆ ಏನೂ ಹಿಂದಿರುಗುವುದಿಲ್ಲ. ಚಿತ್ರದಲ್ಲಿ ಗದ್ದೆ ಕಪ್ಪಗೆ ಕಾಣುತ್ತದೆ. ಸಸಿ ಬೇರೂರಿ ತೆಂಡೆಯೊಡೆದಂತೆಲ್ಲ ಅಲೆ ಗಿಡಕ್ಕೂ ನೀರಿಗೂ ಬಡಿದು ಹಿಂದಿರುಗತೊಡಗುತ್ತದೆ. ಕಪ್ಪು ಬೂದಿಯಾಗಿ, ಬೂದಿ ಬೆಳ್ಳಗಾಗುತ್ತದೆ. ಹನ್ನೆರಡು ದಿನಕ್ಕೊಮ್ಮೆ ತೆಗೆದ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ನೆಟ್ಟಿ ಎಂದಾಯಿತು, ಎಷ್ಟು ನೆಲದಲ್ಲಾಯಿತು ಎಂಬುದು ಮೋಡದ ಹಂಗಿಲ್ಲದೆ ತಿಳಿಯುತ್ತದೆ. ಮುಂಗಾರು ಭತ್ತದ ವಿಸ್ತೀರ್ಣವನ್ನು ಅಂದಾಜಿಸಲು ದೇಶದ ಬೆಳೆ ಮುನ್ಸೂಚನೆಯ ಕಾರ್ಯಕ್ರಮದಲ್ಲಿ ಬಹಳ ವರ್ಷಗಳಿಂದ ರಾಡಾರ್ ಚಿತ್ರಗಳನ್ನು ಬಳಸುತ್ತಿರುವುದು ಈ ಕಾರಣಕ್ಕೆ.

ಇಲ್ಲಿಯೂ ಮಲೆನಾಡಿನ ರೈತ ಒಂದು ಲೆಕ್ಕ ಮಾಡಿಕೊಳ್ಳಬೇಕು. ಅರ್ಧ ಎಕರೆ ಗದ್ದೆ ಎಂದರೆ ಸುಮಾರು 2,000 ಚದರ ಮೀಟರ್. ಹತ್ತು ಮೀಟರಿನ ಚೌಕಗಳಾಗಿ ವಿಂಗಡಿಸಿದರೆ ಇಪ್ಪತ್ತು ಚುಕ್ಕೆ. ರಾಡಾರ್ ಚಿತ್ರದಲ್ಲಿ ಹುಟ್ಟಿನಿಂದಲೇ ಒಂದು ಬಗೆಯ ಕಾಳುಕಾಳಾದ ಮಬ್ಬು ಇರುತ್ತದೆ. ಅದನ್ನು ತೊಡೆಯಲು ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆಯಬೇಕು. ಮಂಡ್ಯದ ಅಥವಾ ಗಂಗಾವತಿಯ ಬಯಲಿನಲ್ಲಿ ಅಕ್ಕಪಕ್ಕವೂ ಗದ್ದೆಯೇ. ಮಲೆನಾಡಿನ ಗದ್ದೆ ಎರಡು ಗುಡ್ಡಗಳ ನಡುವೆ ನೀಳವಾಗಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಅದರ ಒಂದು ಪಕ್ಕ ಅಡಿಕೆ, ಇನ್ನೊಂದು ಪಕ್ಕ ಹಾಡಿ. ಸರಾಸರಿ ತೆಗೆದಾಗ ಗದ್ದೆಯೇ ಮಾಯವಾಗಬಹುದು. ಕೇಂದ್ರ ಸರ್ಕಾರವು 2023ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯಲ್ಲಿ ಭತ್ತ ಮತ್ತು ಗೋಧಿಯ ಇಳುವರಿ ನಿರ್ಧರಿಸುವಾಗ ದೂರಸಂವೇದನೆ ಮೊದಲಾದ ತಂತ್ರಜ್ಞಾನದಿಂದ ಬಂದ ಅಂದಾಜಿಗೆ ಶೇಕಡ 30ರಷ್ಟು ತೂಕ ಕೊಡುವ ಪದ್ಧತಿಯನ್ನು ತಂದಿತು. ಹೀಗಾಗಿ ಚುಕ್ಕೆಯ ಲೆಕ್ಕ ಇನ್ನು ವಿಜ್ಞಾನಿಗಳಿಗಷ್ಟೇ ಸೇರಿದ ವಿಷಯವಲ್ಲ, ಅದು ರೈತನ ಕೈಗೆ ಬರುವ ಪರಿಹಾರದ ಲೆಕ್ಕವೂ ಹೌದು.

ಬರಗಾಲದ ವಿಷಯದಲ್ಲಿಯೂ ಇಂಥದೇ ಮಾತು. 2016ರ ಬರ ನಿರ್ವಹಣಾ ಕೈಪಿಡಿಯು ಮಳೆಯ ಜೊತೆಗೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹದಿಂದ ಕಂಡ ಹಸಿರು, ಮಣ್ಣಿನ ತೇವಾಂಶ, ಜಲಮೂಲಗಳ ಸ್ಥಿತಿ ಇವನ್ನೂ ನೋಡಬೇಕೆನ್ನುತ್ತದೆ. ಘಟ್ಟದಲ್ಲಿ ಮಳೆ ಕೈಕೊಟ್ಟರೂ ಮರಗಳ ಹಸಿರು ಬೇಗ ಬಾಡುವುದಿಲ್ಲ. ಅಡಿಕೆಯ ಹೆಡೆ ಹಸಿರಾಗಿಯೇ ಇದ್ದು ಹರಳು ಮಾತ್ರ ಉದುರುತ್ತದೆ. ಮೇಲಿನಿಂದ ನೋಡುವವನಿಗೆ ಎಲ್ಲ ಸುಭಿಕ್ಷ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂತಹ ವರ್ಷಗಳಲ್ಲಿ ಮಲೆನಾಡಿನ ಕೊರತೆಯನ್ನು ಹಸಿರಿನ ಸೂಚ್ಯಂಕ ಹೇಳಲಾರದು. ಹೇಳಬಲ್ಲುದು ಮಣ್ಣಿನ ತೇವಾಂಶ, ಆದರೆ ಅದನ್ನು ಅಳೆದಿದ್ದರೆ ಮಾತ್ರ.

ಇನ್ನು ಕಾಡಿನ ತೂಕದ ಮಾತು. ಹವಾಗುಣದ ಚರ್ಚೆಯಲ್ಲಿ ಒಂದು ಹೆಕ್ಟೇರಿನಲ್ಲಿ ಎಷ್ಟು ಟನ್ ಮರವಿದೆ ಎಂಬುದಕ್ಕೆ ದೊಡ್ಡ ಬೆಲೆ ಬಂದಿದೆ. ಮರದ ಒಣತೂಕದ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲವಾದ್ದರಿಂದ ಕಾಡಿನ ತೂಕ ಎಂದರೆ ಇಂಗಾಲದ ತೂಕ. ರಾಡಾರಿನಿಂದ ಇದನ್ನು ಅಂದಾಜಿಸಬಹುದು. ಮರ ಹೆಚ್ಚಿದಂತೆ ಹಿಂದಿರುಗುವ ಅಲೆಯೂ ಹೆಚ್ಚುತ್ತದೆ. ಆದರೆ ಒಂದು ಹಂತದವರೆಗೆ ಮಾತ್ರ. 24 ಸೆಂಟಿಮೀಟರಿನ ಅಲೆಗೆ ಹೆಕ್ಟೇರಿಗೆ ಸುಮಾರು 100 ಟನ್ ದಾಟಿದ ಮೇಲೆ ವ್ಯತ್ಯಾಸ ತಿಳಿಯುವುದು ಕಷ್ಟ. ಐದೂವರೆ ಸೆಂಟಿಮೀಟರಿನದು ಅದಕ್ಕೂ ಎಷ್ಟೋ ಮೊದಲೇ ಸೋಲುತ್ತದೆ. ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಹೆಕ್ಟೇರಿಗೆ ನೂರಾರು ಟನ್ ಇರುತ್ತದೆ. ಅಂದರೆ ಚೆನ್ನಾಗಿ ಬೆಳೆದ ಅಕೇಶಿಯಾ ನೆಡುತೋಪೂ ಶತಮಾನಗಳ ಕಾನೂ ರಾಡಾರಿನ ಕಣ್ಣಿಗೆ ಸರಿಸುಮಾರು ಒಂದೇ ಹೊಳಪಿನಲ್ಲಿ ಕಾಣುವ ಸಂಭವವಿದೆ.

ಮಲೆನಾಡಿನ ಪರಿಸರ ಹೋರಾಟಗಳಲ್ಲಿ ಈ ಗೊಂದಲ ಹಳೆಯದು. ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗಿಂತ ಹೆಚ್ಚಿನ ನೆಲದಲ್ಲಿ ಶೇಕಡ 10ಕ್ಕೆ ಕಡಿಮೆಯಿಲ್ಲದಂತೆ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ನೆಲ ಯಾರದ್ದು, ಮರ ಯಾವುದು ಎಂಬುದನ್ನು ಅದು ಕೇಳುವುದಿಲ್ಲ. ಇಷ್ಟು ದಿನ ಹಸಿರಿನ ನಕಾಶೆಯಲ್ಲಿ ನೆಡುತೋಪು ಕಾಡಾಗುತ್ತಿತ್ತು. ನಾಳೆ ಇಂಗಾಲದ ನಕಾಶೆಯಲ್ಲಿ ಕಾನಿನ ಬೆಲೆ ನೆಡುತೋಪಿನ ಮಟ್ಟಕ್ಕೆ ಇಳಿದರೆ ಅದನ್ನು ಪ್ರಶ್ನಿಸಲು ನೆಲದ ಮೇಲೆ ಅಳೆದ ಮರಗಳ ಲೆಕ್ಕ ಇರಬೇಕು. ಯುರೋಪು 2025ರ ಏಪ್ರಿಲ್ 29ರಂದು ಹಾರಿಸಿದ ಬಯೋಮಾಸ್ ಎಂಬ ಉಪಗ್ರಹ 70 ಸೆಂಟಿಮೀಟರಿನ ಅಲೆಯನ್ನು ಬಳಸುತ್ತದೆ. ದಟ್ಟ ಕಾಡಿನ ಕಾಂಡಗಳನ್ನೇ ನೋಡುವುದು ಅದರ ಉದ್ದೇಶ. ಅದರಿಂದ ಈ ಕೊರತೆ ಒಂದಿಷ್ಟು ನೀಗಬಹುದೆಂಬ ಆಸೆಯಿದೆ. ಆದರೂ ಅದರ ಅಂಕಿಗಳನ್ನು ತಾಳೆ ನೋಡಲು ಬೇಕಾದುದು ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆದ ಮರಗಳೇ.

ಕೊನೆಯದಾಗಿ ಎಲ್ಲಕ್ಕಿಂತ ಗುರುತರವಾದ ವಿಷಯ, ಗುಡ್ಡ ಕುಸಿತ. 2018ರ ಆಗಸ್ಟಿನಲ್ಲಿ ಕೊಡಗು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಅದಾಗಿ ಎರಡು ವಾರದಲ್ಲಿ, ಜುಲೈ 30ರ ಬೆಳಗಿನ ಜಾವ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ವಯನಾಡಿನ ದುರಂತದ ಮರುದಿನವೇ, ಜುಲೈ 31ರಂದು, ಭಾರತದ ರಿಸ್ಯಾಟ್ ರಾಡಾರ್ ಆ ಕಣಿವೆಯ ಚಿತ್ರ ತೆಗೆಯಿತು. ಮೋಡ ಕವಿದಿತ್ತು, ಆದರೂ ಚಿತ್ರ ಸ್ಪಷ್ಟವಿತ್ತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಅದನ್ನು ಹಿಂದಿನ ವರ್ಷದ ಮೇ ತಿಂಗಳ ಕಾರ್ಟೋಸ್ಯಾಟ್ ಚಿತ್ರದೊಡನೆ ಹೋಲಿಸಿ, ಸುಮಾರು 86,000 ಚದರ ಮೀಟರ್ ನೆಲ ಜಾರಿದೆಯೆಂದೂ, ಕುಸಿತದ ನೆತ್ತಿ ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿದೆಯೆಂದೂ, ಮಣ್ಣು ಬಂಡೆಗಳು ಹೊಳೆಯಗುಂಟ ಸುಮಾರು 8 ಕಿಲೋಮೀಟರ್ ಹರಿದಿವೆಯೆಂದೂ ತಿಳಿಸಿತು. ರಕ್ಷಣಾ ಕಾರ್ಯಕ್ಕೆ ಇಂತಹ ಮಾಹಿತಿ ಎಷ್ಟು ಉಪಯುಕ್ತವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಇದು ಆದ ಮೇಲಿನ ಚಿತ್ರ.

ಮುನ್ನ ತಿಳಿಯಲು ಸಾಧ್ಯವೇ? ಒಂದೇ ಜಾಗದ ಎರಡು ರಾಡಾರ್ ಚಿತ್ರಗಳನ್ನು ಹೋಲಿಸಿ ನೆಲ ಒಂದೆರಡು ಸೆಂಟಿಮೀಟರ್ ಸರಿದಿದ್ದರೂ ಪತ್ತೆಹಚ್ಚುವ ವಿಧಾನವಿದೆ. ವರ್ಷಗಟ್ಟಲೆ ನಿಧಾನವಾಗಿ ತೆವಳುವ ಗುಡ್ಡಗಳಿಗೆ ಅದು ಒಳ್ಳೆಯ ಉಪಾಯ. ಸಹ್ಯಾದ್ರಿಯಲ್ಲಿ ಅದಕ್ಕೆ ಎರಡು ಅಡ್ಡಿಗಳು. ರಾಡಾರ್ ನೇರ ಕೆಳಗೆ ನೋಡುವುದಿಲ್ಲ, ಪಕ್ಕಕ್ಕೆ ಓರೆಯಾಗಿ ನೋಡುತ್ತದೆ. ಅದಕ್ಕೆ ಎದುರಾದ ಕಡಿದು ಇಳಿಜಾರು ಚಿತ್ರದಲ್ಲಿ ಮಡಿಚಿಕೊಂಡು ಹೊಳೆಯುತ್ತದೆ, ಹಿಮ್ಮುಖವಾದದ್ದು ನೆರಳಿನಲ್ಲಿ ಮುಳುಗುತ್ತದೆ. ಎಳೆಬಿಸಿಲಿನಲ್ಲಿ ಗುಡ್ಡದ ಒಂದು ಮಗ್ಗುಲು ಬೆಳಗಿ ಇನ್ನೊಂದು ಕತ್ತಲಾಗಿರುವಂತೆ. ಎರಡನೆಯ ಅಡ್ಡಿ ಗಿಡಮರ. ಗಾಳಿಗೆ ಅಲುಗುವ, ದಿನದಿನಕ್ಕೆ ಚಿಗುರುವ ಎಲೆಗಳು ಎರಡು ಚಿತ್ರಗಳ ಹೋಲಿಕೆಯನ್ನು ಕೆಡಿಸುತ್ತವೆ. ಅದೂ ಅಲ್ಲದೆ, ಭಾರಿ ಮಳೆಗೆ ಒಮ್ಮೆಲೇ ಕಳಚಿ ಬರುವ ಗುಡ್ಡ ಮುಂಚಿತವಾಗಿ ತೆವಳಿ ತೋರಿಸುತ್ತದೆಯೆಂಬ ಭರವಸೆಯಿಲ್ಲ. ಹನ್ನೆರಡು ದಿನಕ್ಕೊಮ್ಮೆ ಬರುವ ಉಪಗ್ರಹಕ್ಕೆ ಹನ್ನೆರಡು ನಿಮಿಷದ ಘಟನೆ ಸಿಗುವುದು ಹೇಗೆ?

ಗುಡ್ಡ ಕಳಚುವ ಬಗೆಯನ್ನೂ ಇಲ್ಲಿ ತಿಳಿಯಬೇಕು. ಮೊದಲ ವಾರಗಳ ಮಳೆ ಮಣ್ಣಿನ ರಂಧ್ರಗಳನ್ನು ತುಂಬುತ್ತದೆ. ರಂಧ್ರ ಖಾಲಿಯಿರುವ ತನಕ ದೊಡ್ಡ ಮಳೆಯೂ ಇಂಗಿಹೋಗುತ್ತದೆ. ತುಂಬಿದ ಮೇಲೆ ಬಿದ್ದ ನೀರು ಮಣ್ಣಿನ ಕಣಗಳನ್ನು ಒಂದರಿಂದೊಂದು ದೂಡುತ್ತದೆ, ಕಣಗಳ ನಡುವಿನ ಹಿಡಿತ ಸಡಿಲಾಗುತ್ತದೆ. ಜೂನ್ ಆರಂಭದ 200 ಮಿಲಿಮೀಟರಿಗೂ ಜುಲೈ ಕೊನೆಯ 200 ಮಿಲಿಮೀಟರಿಗೂ ಇರುವ ವ್ಯತ್ಯಾಸ ಇದು. ಆದ್ದರಿಂದ ಅಪಾಯವನ್ನು ಅಳೆಯಲು ಇಂದಿನ ಮಳೆಯೊಂದೇ ಸಾಲದು, ಮಣ್ಣು ಈಗಾಗಲೇ ಎಷ್ಟು ತುಂಬಿದೆ ಎಂಬುದೂ ಬೇಕು. ಇದೇ ಮಣ್ಣಿನ ತೇವಾಂಶ. ಆದರೆ 21 ಅಥವಾ 24 ಸೆಂಟಿಮೀಟರಿನ ಅಲೆ ನೋಡುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣನ್ನು. ಗುಡ್ಡ ಜಾರುವುದು ಹಲವು ಅಡಿ ಆಳದಲ್ಲಿ, ಮಣ್ಣು ಗಟ್ಟಿ ಕಲ್ಲಿಗೆ ತಾಗುವಲ್ಲಿ. ಮೇಲಿನ ಐದು ಸೆಂಟಿಮೀಟರ್ ಆಷಾಢವಿಡೀ ಒದ್ದೆಯಾಗಿಯೇ ಇರುತ್ತದೆ. ಒಂದು ಮೀಟರ್ ಆಳದ ತೇವಾಂಶವೆಂದು ಪ್ರಕಟವಾಗುವ ಅಂಕಿಗಳು ಮೇಲ್ಪದರದ ಅಳತೆಯನ್ನೂ ಮಳೆಯ ಅಂಕಿಗಳನ್ನೂ ಗಣಿತದ ಮಾದರಿಯೊಂದಕ್ಕೆ ಉಣಿಸಿ ಪಡೆದ ಅಂದಾಜುಗಳು. ಮಳೆಯ ಅಂಕಿ ತಪ್ಪಿದರೆ ಅಂದಾಜೂ ತಪ್ಪುತ್ತದೆ.

ಹಾಗಾಗಿ ಘಟ್ಟದ ಮಟ್ಟಿಗೆ ಗುಡ್ಡದ ಹೊಟ್ಟೆಯಲ್ಲಿ ಎಷ್ಟು ನೀರಿದೆ ಎಂಬುದಕ್ಕೆ ಸದ್ಯ ಇರುವ ಅತ್ಯುತ್ತಮ ಸಾಕ್ಷಿ ಆ ಗುಡ್ಡದ ಬುಡದಲ್ಲಿಯೇ ದಿನವೂ ಅಳೆದು ಕೂಡಿಸಿದ ಮಳೆ. ವಯನಾಡಿನ ಹ್ಯೂಮ್ ಪರಿಸರ ಕೇಂದ್ರ ರೈತರ, ತೋಟದವರ ನೆರವಿನಿಂದ ಜಿಲ್ಲೆಯಾದ್ಯಂತ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ಕಟ್ಟಿತ್ತು. 2024ರ ಕುಸಿತದ ಹಿಂದಿನ ದಿನ ಆ ಜಾಲದ ಅಂಕಿಗಳನ್ನು ಆಧರಿಸಿ ಆ ಕೇಂದ್ರ ಎಚ್ಚರಿಕೆ ನೀಡಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಆಕಾಶದಿಂದ ಬಂದ ಚಿತ್ರ ಮರುದಿನದ್ದು, ಅಂಗಳದ ಮಾಪಕದಿಂದ ಬಂದ ಮಾತು ಹಿಂದಿನ ದಿನದ್ದು.

ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ದೇಶದಲ್ಲಿಯೇ ಇದು ಗಮನಾರ್ಹ ವ್ಯವಸ್ಥೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ಈ ಮಾಪಕಗಳೇ ಆಧಾರ. ಆದರೆ ಘಟ್ಟದ ಒಂದು ಪಂಚಾಯಿತಿಯಲ್ಲಿ ಹತ್ತಿಪ್ಪತ್ತು ಮಜರೆಗಳು, ಅವುಗಳ ನಡುವೆ ಗುಡ್ಡಗಳು. ಕಚೇರಿಯ ಮೇಲಿನ ಮಾಪಕ ಕಚೇರಿಯ ಮಳೆಯನ್ನು ಹೇಳುತ್ತದೆ.

ಇಷ್ಟೆಲ್ಲ ಮಿತಿಗಳ ನಡುವೆ ಒಂದು ಹೊಸ ಅವಕಾಶ ಒದಗಿದೆ. ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ ನೈಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ವಯನಾಡಿನ ದುರಂತಕ್ಕೆ ಅಂದಿಗೆ ಸರಿಯಾಗಿ ಒಂದು ವರ್ಷ. ಅದರ ಜೋಡಣೆ ನಡೆದದ್ದು ಬೆಂಗಳೂರಿನಲ್ಲಿ. ಅದರಲ್ಲಿ ಎರಡು ರಾಡಾರುಗಳಿವೆ, ನಾಸಾದ 24 ಸೆಂಟಿಮೀಟರಿನದು, ಇಸ್ರೋದ ಸುಮಾರು 9 ಸೆಂಟಿಮೀಟರಿನದು. 12 ಮೀಟರ್ ವ್ಯಾಸದ ಬಲೆಯಂತಹ ಪ್ರತಿಫಲಕ ಕೊಡೆಯ ಹಾಗೆ ಆಕಾಶದಲ್ಲಿ ಬಿಚ್ಚಿಕೊಂಡಿತು. ಹನ್ನೆರಡು ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ಮಣ್ಣಿನ ತೇವಾಂಶವನ್ನು 200 ಮೀಟರಿನ ಚೌಕಗಳಲ್ಲಿ ಕೊಡುವುದು ಅದರ ಗುರಿಗಳಲ್ಲೊಂದು. ಸ್ಮ್ಯಾಪಿನ ಒಂದು ಚೌಕದಲ್ಲಿ ಇಂತಹ 32,400 ಚೌಕಗಳು ಹಿಡಿಸುತ್ತವೆ. ದಟ್ಟ ಕಾಡಿನ ಕೆಳಗಿನ ಮಣ್ಣು ಇದಕ್ಕೂ ಕಷ್ಟವೇ, ಆದರೆ ಬಯಲು ಗದ್ದೆ, ಮಕ್ಕಿ, ಬ್ಯಾಣಗಳು ಮೊದಲ ಬಾರಿಗೆ ಕಾಡಿನಿಂದ ಬೇರೆಯಾಗಿ ಕಾಣಬಹುದು. ಮುಖ್ಯವಾದ ಮಾತೆಂದರೆ ಇದರ ದತ್ತಾಂಶ ಮುಕ್ತ, ಉಚಿತ. ಕಾಲೇಜಿನ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಯೂ ಅದನ್ನು ಇಳಿಸಿಕೊಂಡು ನೋಡಬಹುದು, ತಾಳೆ ನೋಡಬಹುದು, ತಪ್ಪಿದ್ದರೆ ತಪ್ಪೆನ್ನಬಹುದು. ತಪ್ಪೆನ್ನಲು ಕೈಯಲ್ಲಿ ಅಂಕಿ ಬೇಕು.

ಆ ಅಂಕಿ ಪಡೆಯುವುದು ದುಬಾರಿಯ ಕೆಲಸವಲ್ಲ. 5 ಸೆಂಟಿಮೀಟರ್ ಒಳವ್ಯಾಸದ ಕಬ್ಬಿಣದ ಕೊಳವೆಯನ್ನು 5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಅದರ ಗಾತ್ರ 98 ಘನ ಸೆಂಟಿಮೀಟರ್. ಕಸಕಡ್ಡಿ ಸರಿಸಿ ಅದನ್ನು ನೆಲಕ್ಕೆ ನೇರವಾಗಿ ಒತ್ತಿ, ಒಳಗೆ ಕೂತ ಮಣ್ಣನ್ನು ಅಲುಗದಂತೆ ತೆಗೆದು ತೂಗಬೇಕು. ಶಾಲೆಯ ಅಥವಾ ಕಾಲೇಜಿನ ಓವನ್ನಿನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. ಅಡಿಕೆ ಡ್ರೈಯರಿನ ಶಾಖ ಇದಕ್ಕೆ ಸಾಲದು. ಹಸಿ ಮಣ್ಣು 150 ಗ್ರಾಂ ಇದ್ದು ಒಣಗಿದ ಮೇಲೆ 118 ಗ್ರಾಂ ಆಯಿತೆನ್ನಿ. ಹೋದ ನೀರು 32 ಗ್ರಾಂ, ಅಂದರೆ 32 ಘನ ಸೆಂಟಿಮೀಟರ್. ಅದನ್ನು 98ರಿಂದ ಭಾಗಿಸಿದರೆ 0.33. ಉಪಗ್ರಹದ ಕಡತದಲ್ಲಿರುವ ಅಂಕಿಯೂ ಇದೇ ಮಾನದ್ದು, ನೋಡುವ ಆಳವೂ ಅದೇ 5 ಸೆಂಟಿಮೀಟರ್. ಎರಡನ್ನೂ ಅಕ್ಕಪಕ್ಕ ಬರೆಯಬಹುದು. ಒಂದು ಗದ್ದೆಯಲ್ಲಿ ಒಂದೇ ಕಡೆ ತೆಗೆದರೆ ಸಾಲದು, ಕಡೇಪಕ್ಷ ಐದು ಕಡೆ ತೆಗೆದು ಸರಾಸರಿ ಹಾಕಬೇಕು. ನೈಸಾರ್ ಹಾದುಹೋಗುವುದು ಬೆಳಗಿನ ಅಥವಾ ಸಂಜೆಯ ಆರರ ಹೊತ್ತಿಗೆ. ಅದು ಹಾದುಹೋಗುವ ದಿನ ಅದೇ ಹೊತ್ತಿನಲ್ಲಿ ಮಣ್ಣು ತೆಗೆದರೆ ಹೋಲಿಕೆ ಸರಿಯಾಗುತ್ತದೆ.

ಮಳೆಗೆ ಮಾಪಕ ಸಾಕು. ಮರದ ನೆರಳಿಲ್ಲದ, ಮಾಡಿನ ನೀರು ಸಿಡಿಯದ ಜಾಗದಲ್ಲಿಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ. ಒಂದು ಪುಸ್ತಕದಲ್ಲಿ ಮೂರು ಕಂಬಸಾಲು ಹಾಕಿ, ಮೊದಲನೆಯದರಲ್ಲಿ ಅಂದಿನ ಮಳೆ, ಎರಡನೆಯದರಲ್ಲಿ ಜೂನ್ 1ರಿಂದ ಕೂಡಿದ ಒಟ್ಟು, ಮೂರನೆಯದರಲ್ಲಿ ಕಂಡ ಸಂಗತಿ ಬರೆಯಬೇಕು. ಗುಡ್ಡದಲ್ಲಿ ಹೊಸದಾಗಿ ಜಲ ಒಡೆದದ್ದು, ತಿಳಿಯಾಗಿದ್ದ ಅಬ್ಬಿಯ ನೀರು ಕೆಂಪಾದದ್ದು, ಅಂಗಳದಲ್ಲಿ ಬಿರುಕು ಕಂಡದ್ದು, ಮರ ವಾಲಿದ್ದು, ಯಾವುದೇ ಆಗಲಿ, ದಿನಾಂಕದೊಡನೆ. ಮಳೆಯಿಲ್ಲದ ದಿನ ಸೊನ್ನೆ ಬರೆಯಬೇಕು, ಅಳೆಯಲಾಗದ ದಿನ ಅಳೆಯಲಿಲ್ಲವೆಂದು ಬರೆಯಬೇಕು. ಈ ಎರಡನ್ನು ಒಂದೇ ಎಂದು ತಿಳಿದು ಖಾಲಿ ಬಿಟ್ಟ ಪುಸ್ತಕಗಳಿಂದ ಮುಂದೆ ಲೆಕ್ಕ ಹಾಕುವವರಿಗೆ ಬಹಳ ತೊಂದರೆಯಾಗುತ್ತದೆ. ಮಾಪಕ ನೆಡಲು ಮೇ ಕೊನೆಯ ವಾರ ಸರಿಯಾದ ಕಾಲ.